ಕೋಣೆಗೆ ಯಾವ ಬಣ್ಣ? ಶೇಡ್ ಹೋಲಿಸಿ ನೋಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ನಮ್ಮ ಮನೆಯ ಹಿಂದಿನ ರೂಮಿಗೆ ತಿಳಿ ಬೂದು ಬಣ್ಣ ಹೊಡೆಸಿದ್ದೆವು. ಅಂಗಡಿಯಲ್ಲಿ ಶೇಡ್ ಕಾರ್ಡ್ ನೋಡಿ ಐದೇ ನಿಮಿಷದಲ್ಲಿ ಆರಿಸಿದ್ದು. ಹಗಲು ಚೆನ್ನಾಗಿಯೇ ಇತ್ತು. ಸಂಜೆ ಟ್ಯೂಬ್‌ಲೈಟ್ ಹಾಕಿದ ಕೂಡಲೇ ನಾಲ್ಕೂ ಗೋಡೆ ನೇರಳೆ! ಅಮ್ಮ ಬಾಗಿಲಲ್ಲೇ ನಿಂತು, "ಇದೇನೋ ಬದನೇಕಾಯಿ ಬಣ್ಣ ಹೊಡೆಸಿದೀಯ" ಅಂದರು. ಉಳಿದ ರೂಮುಗಳಿಗೆ ಬಣ್ಣ ಆರಿಸುವಾಗ ನಾನು ಅವಸರ ಮಾಡಲಿಲ್ಲ. ಪೇಂಟರ್‌ಗಳ ಹಿಂದೆ ಬಿದ್ದು ಕೇಳಿದೆ, ರಟ್ಟಿಗೆ ಬಳಿದು ನೋಡಿದೆ. ಈಗ ನೆಂಟರಲ್ಲಿ ಯಾರ ಮನೆಗೆ ಪೇಂಟ್ ಆಗುವುದಿದ್ದರೂ ನನಗೊಂದು ಫೋನ್ ಬರುತ್ತದೆ. ಅವರು ಕೇಳುವ ಪ್ರಶ್ನೆಗಳು ಇವು.

ಶೇಡ್ ಕಾರ್ಡ್‌ನಲ್ಲಿ ಕಂಡ ಬಣ್ಣ ಗೋಡೆಯ ಮೇಲೆ ಯಾಕೆ ಬೇರೆ ಕಾಣುತ್ತದೆ?

ಸೀರೆ ಅಂಗಡಿಯಲ್ಲಿ ನಮ್ಮ ಹೆಣ್ಣುಮಕ್ಕಳು ಏನು ಮಾಡುತ್ತಾರೆ? ಸೀರೆ ಇಷ್ಟವಾದರೆ ಸೆರಗನ್ನು ಬಾಗಿಲ ಹತ್ತಿರ ತಂದು ಬಿಸಿಲಿಗೆ ಹಿಡಿಯುತ್ತಾರೆ. ಒಳಗೆ ರಾಮಾ ಗ್ರೀನ್ ಆಗಿದ್ದದ್ದು ಹೊರಗೆ ಆನಂದ ಬ್ಲೂ ಆಗಿಬಿಡಬಹುದು ಅಂತ ಅವರಿಗೆ ಗೊತ್ತು. ಹತ್ತು ವರ್ಷ ಬಾಳುವ ಗೋಡೆಗೆ ಮಾತ್ರ ನಾವು ಇಷ್ಟು ಜೋಪಾನ ಮಾಡುವುದಿಲ್ಲ.

ವಸ್ತುವಿನ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟೋ ಭಾಗ ಹೀರಿಹೋಗಿ, ಉಳಿದದ್ದು ನಮ್ಮ ಕಣ್ಣಿಗೆ ಬರುತ್ತದೆ. ಬೀಳುವ ಬೆಳಕೇ ಬದಲಾದರೆ ಕಣ್ಣಿಗೆ ಬರುವುದೂ ಬದಲಾಗುತ್ತದೆ. ಒಂದು ಬೆಳಕಿನಲ್ಲಿ ತದ್ರೂಪ ಕಂಡ ಎರಡು ಬಣ್ಣಗಳು ಇನ್ನೊಂದರಲ್ಲಿ ಬೇರೆ ಬೇರೆಯಾಗುವುದೂ ಉಂಟು. ಅಂಗಡಿಯ ಬೆಳಕು ನಿಮ್ಮ ಮನೆಯ ಬೆಳಕಲ್ಲ.

ಎರಡನೇ ಕಾರಣ ಅಳತೆ. ಕಾರ್ಡ್‌ನ ಚೌಕ ಬೆಂಕಿಪೊಟ್ಟಣದಷ್ಟೂ ಇರುವುದಿಲ್ಲ. ಅದೇ ಬಣ್ಣ ಗೋಡೆ ತುಂಬಾ ಹರಡಿದಾಗ ಜಾಸ್ತಿ ಜೋರಾಗಿ ಕಾಣುತ್ತದೆ. ಮೇಲಾಗಿ ಕೋಣೆಯಲ್ಲಿ ನಾಲ್ಕು ಗೋಡೆಗಳು ಎದುರುಬದುರು ನಿಂತು ಒಂದರ ಬಣ್ಣವನ್ನು ಇನ್ನೊಂದರ ಮೇಲೆ ಚೆಲ್ಲುತ್ತವೆ. ಹಳದಿ ಕೋಣೆಯ ಮೂಲೆ ನೋಡಿ, ಗೋಡೆಯ ನಡುವಿಗಿಂತ ಮೂಲೆಯಲ್ಲೇ ಹಳದಿ ಜಾಸ್ತಿ.

ಹಾಗಾದರೆ ಇಷ್ಟವಾದದ್ದಕ್ಕಿಂತ ಒಂದು ಹೆಜ್ಜೆ ತಿಳಿ ಶೇಡ್ ತೆಗೆದುಕೊಂಡರೆ ಸಾಕಾ?

ಬಹಳ ಸಲ ಸಾಕು. ಪೇಂಟರ್‌ಗಳೂ ಇದನ್ನೇ ಹೇಳುತ್ತಾರೆ. ಒಂದೇ ಪಟ್ಟಿಯಲ್ಲಿ ತಿಳಿಯಿಂದ ಗಾಢದವರೆಗೆ ಶೇಡ್‌ಗಳಿರುತ್ತವಲ್ಲ, ಮನಸ್ಸಿಗೆ ಬಂದದ್ದರ ಮೇಲಿನದನ್ನೂ ಪರೀಕ್ಷೆಗೆ ಸೇರಿಸಿಕೊಳ್ಳಿ. ಆದರೆ ತೀರಾ ತಿಳಿ ಬಣ್ಣದಲ್ಲಿ ಈ ಲೆಕ್ಕ ಕೈಕೊಡುತ್ತದೆ. ಕೆನೆ ಬಣ್ಣಕ್ಕಿಂತ ಒಂದು ಹೆಜ್ಜೆ ಇಳಿದರೆ ಬರೀ ಬಿಳಿ, ಅಷ್ಟೆ.

ಸರಿಯಾಗಿ ಹೋಲಿಸಿ ನೋಡುವುದು ಹೇಗೆ? ಹಂತ ಹಂತವಾಗಿ ಹೇಳಿ.

ನಾನು ಮಾಡಿದ್ದನ್ನೇ ಹೇಳುತ್ತೇನೆ. ಪುಸ್ತಕದಂಗಡಿಯಿಂದ ದಪ್ಪ ಬಿಳಿ ರಟ್ಟು ತಂದು 2 ಅಡಿ ಉದ್ದ, 2 ಅಡಿ ಅಗಲಕ್ಕೆ, ಶೇಡಿಗೊಂದರಂತೆ ಮೂರು ತುಂಡು ಕತ್ತರಿಸಿದೆ. ಮೊದಲು ಒಂದು ಕೈ ಪ್ರೈಮರ್, ಆಮೇಲೆ ಬಣ್ಣ ಎರಡು ಕೋಟ್. ಅಂಚಿನವರೆಗೂ ಬಳಿಯಬೇಕು. ಸುತ್ತ ಬಿಳಿ ಚೌಕಟ್ಟು ಉಳಿದರೆ ಬಣ್ಣ ಇರುವುದಕ್ಕಿಂತ ಗಾಢವಾಗಿ ಕಾಣುತ್ತದೆ. ಒಂದು ದಿನ ಪೂರ್ತಿ ಒಣಗಲು ಬಿಟ್ಟೆ. ಎಮಲ್ಷನ್ ಪೇಂಟ್, ಅಂದರೆ ನೀರು ಬೆರೆಸಿ ಹೊಡೆಯುವ ಗೋಡೆ ಬಣ್ಣ, ಒಣಗಿದ ಮೇಲೆ ಸಾಮಾನ್ಯವಾಗಿ ಒಂದು ಗುಲಗಂಜಿಯಷ್ಟು ಗಾಢವಾಗುತ್ತದೆ. ಸುಣ್ಣದ್ದು ತಿರುಗಾಮುರುಗಾ, ಒದ್ದೆ ಇದ್ದಾಗ ಮಂಕು, ಒಣಗಿದಾಗ ಬೆಳ್ಳಗೆ. ಹಾಗಾಗಿ ಹಸಿ ಬಣ್ಣ ನೋಡಿ ತೀರ್ಮಾನ ಬೇಡ.

ರಟ್ಟಿನ ಬೆನ್ನಿಗೆ ಪೆನ್ಸಿಲ್‌ನಲ್ಲಿ ಶೇಡ್ ಕೋಡ್ ಬರೆದಿಟ್ಟೆ. ಮೂರು ರಟ್ಟುಗಳನ್ನೂ ಒಂದೊಂದು ದಿನ ಒಂದೊಂದು ಗೋಡೆಗೆ ಒರಗಿಸಿದೆ. ಕಿಟಕಿ ಇರುವ ಗೋಡೆ, ಅದರ ಎದುರಿನದು, ಬೀರು ಹಿಂದಿನ ಕತ್ತಲ ಮೂಲೆ, ಎಲ್ಲ ಕಡೆ. ಬೆಳಿಗ್ಗೆ ಎಂಟು, ಮಧ್ಯಾಹ್ನ ಒಂದು, ಸಂಜೆ ಐದೂವರೆ, ರಾತ್ರಿ ಒಂಬತ್ತಕ್ಕೆ ನೋಡಿ ಬೆನ್ನ ಮೇಲೆಯೇ ಗುರುತು ಹಾಕುತ್ತಿದ್ದೆ. ಎರಡನೇ ರಟ್ಟಿನ ಬೆನ್ನ ಮೇಲೆ ಇವತ್ತಿಗೂ ಹೀಗಿದೆ: "ಬೆಳಿಗ್ಗೆ ಬೆಣ್ಣೆ. ಮಧ್ಯಾಹ್ನ ಬಿಳಿ. ಸಂಜೆ ಚೆನ್ನ. ರಾತ್ರಿ ಗಂಜಿ." ಅದು ಮಲಗುವ ಕೋಣೆ. ನಾವು ಅಲ್ಲಿ ಇರುವುದೇ ರಾತ್ರಿ. ಗಂಜಿ ಯಾರಿಗೆ ಬೇಕು? ಅದನ್ನು ಕೈಬಿಟ್ಟೆವು.

ಎಲ್ಲಕ್ಕಿಂತ ದೊಡ್ಡ ಅಂಶ ಇದೇ. ಕೋಣೆಯನ್ನು ನೀವು ಯಾವ ಹೊತ್ತಿನಲ್ಲಿ ಜಾಸ್ತಿ ಬಳಸುತ್ತೀರೋ ಆ ಹೊತ್ತಿನ ಬಣ್ಣಕ್ಕೆ ಹೆಚ್ಚು ಅಂಕ ಕೊಡಿ. ಹಾಲ್‌ಗೆ ಸಂಜೆ, ಅಡುಗೆಮನೆಗೆ ಬೆಳಿಗ್ಗೆ, ಮನೆಯಿಂದಲೇ ಆಫೀಸ್ ಕೆಲಸ ಮಾಡುವವರ ರೂಮಿಗೆ ಇಡೀ ಹಗಲು.

ರಟ್ಟು ಗಿಟ್ಟು ಯಾಕೆ, ಗೋಡೆಗೇ ಹಚ್ಚಿ ನೋಡಬಾರದಾ?

ನೋಡಬಹುದು, ಆದರೆ ಎರಡು ತೊಂದರೆ. ಹಳೇ ಬಣ್ಣ ಪಕ್ಕದಲ್ಲೇ ಇರುವುದರಿಂದ ಕಣ್ಣು ಮೋಸ ಹೋಗುತ್ತದೆ. ಹಸಿರು ಗೋಡೆಯ ನಡುವೆ ಬೂದು ಹಚ್ಚಿದರೆ ಆ ಬೂದು ಗುಲಾಬಿಗೆ ತಿರುಗಿದಂತೆ ಕಾಣುತ್ತದೆ. ಇನ್ನೊಂದು, ಉಪ್ಪುಕಾಗದ ಹಾಕಿ ಸರಿಯಾಗಿ ಉಜ್ಜದಿದ್ದರೆ ಆ ತೇಪೆಯ ಅಂಚು ಹೊಸ ಬಣ್ಣದ ಕೆಳಗೂ ಎದ್ದು ಕಾಣುತ್ತದೆ. ಪ್ರೈಮರ್ ಹೊಡೆದಾಗಿದ್ದರೆ ಮಾತ್ರ ಧೈರ್ಯವಾಗಿ ಗೋಡೆಗೇ ಹಚ್ಚಿ. ಹಚ್ಚುವುದಾದರೆ ಅಂಗೈ ಅಗಲ ಬೇಡ, ಮೂಲೆಗೆ ಸೇರಿದ ಹಾಗೆ ಎರಡೂ ಗೋಡೆಗೆ ಎರಡೆರಡು ಅಡಿ ಹಚ್ಚಿ.

ಎಷ್ಟು ಶೇಡ್ ಹೋಲಿಸಬೇಕು?

ಮೂರು. ನಾಲ್ಕನೆಯದು ಬಂದರೆ ಜಗಳ, ಐದನೆಯದು ಬಂದರೆ ಯುಗಾದಿ ಕಳೆದರೂ ಪೇಂಟ್ ಆಗುವುದಿಲ್ಲ.

ಅಂಡರ್‌ಟೋನ್ ಅಂತಾರಲ್ಲ, ಅದನ್ನು ಕಂಡುಹಿಡಿಯುವುದು ಹೇಗೆ?

ಹೊರಗೆ ಬೂದು, ಒಳಗೊಳಗೆ ನೇರಳೆ. ನಮ್ಮ ಹಿಂದಿನ ರೂಮಿನ ಕಥೆ ಅದೇ. ಯಂತ್ರದಲ್ಲಿ ಬಣ್ಣ ಕಲಸುವಾಗ ಬಿಳಿ ಬೇಸ್‌ಗೆ ಬರೀ ಕಪ್ಪು ಹಾಕುವುದಿಲ್ಲ. ಒಂದಿಷ್ಟು ಕೆಂಪು, ನೀಲಿ, ಹಳದಿ ಕೂಡ ಬೀಳುತ್ತದೆ. ಆ ಎರಡು ತೊಟ್ಟಿನ ರುಚಿ ಸಾರಿಗೆ ಹಾಕಿದ ಇಂಗಿನ ಹಾಗೆ, ಕಾಣುವುದಿಲ್ಲ, ಆದರೆ ಇರುತ್ತದೆ.

ಕಂಡುಹಿಡಿಯಲು ಸುಲಭ ದಾರಿ, ಶೇಡ್ ಪಕ್ಕ ಒಂದು ಬಿಳಿ ಎ4 ಹಾಳೆ ಇಡಿ. ಮಂಕಾದ "ಬಿಳಿ"ಯೊಳಗಿನ ಗುಲಾಬಿಯೋ ಹಸಿರೋ ತಕ್ಷಣ ಹೊರಗೆ ಬರುತ್ತದೆ. ಎರಡನೇ ದಾರಿ, ಅದೇ ಪಟ್ಟಿಯ ಕೊನೆಯ ಗಾಢ ಶೇಡ್ ನೋಡಿ. ತಿಳಿಯದರಲ್ಲಿ ಬಚ್ಚಿಟ್ಟುಕೊಂಡದ್ದು ಗಾಢದಲ್ಲಿ ಹೆಚ್ಚಾಗಿ ಸಿಕ್ಕಿಬೀಳುತ್ತದೆ. ಮೂರನೆಯದು, ಒಂದೇ ಬೂದನ್ನು ನೋಡಬೇಡಿ, ಮೂರು ಬೂದನ್ನು ಒತ್ತಿಗಿಟ್ಟು ನೋಡಿ. ಒಂಟಿಯಾಗಿದ್ದಾಗ ಎಲ್ಲವೂ ಬೂದೇ. ಜೊತೆಗಿಟ್ಟಾಗ ಒಂದು ನೀಲಿ, ಒಂದು ಪಾಚಿ, ಒಂದು ಈರುಳ್ಳಿ ಬಣ್ಣ.

ಬಿಳಿಯಲ್ಲೂ ಇಷ್ಟೊಂದು ಬಗೆ ಯಾಕೆ? ಬಿಳಿ ಬಿಳಿಯೇ ಅಲ್ವಾ?

ನಮ್ಮ ತಾತನ ಕಾಲದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಹಬ್ಬಕ್ಕೆ ಮುಂಚೆ ಸುಣ್ಣ ನೆನೆಸಿ, ಸೋಸಿ, ಅದಕ್ಕೆ ಬಟ್ಟೆಗೆ ಹಾಕುವ ನೀಲಿಯನ್ನು ಪುಟ್ಟ ಗಂಟು ಕಟ್ಟಿ ಅಲ್ಲಾಡಿಸುತ್ತಿದ್ದರು. ಸುಣ್ಣದ ಹಳದಿ ಛಾಯೆಯನ್ನು ಆ ನೀಲಿ ಕೊಲ್ಲುತ್ತದೆ, ಗೋಡೆ ಹಾಲಿನ ಹಾಗೆ ಕಾಣುತ್ತದೆ. ಕೈ ಸ್ವಲ್ಪ ಜೋರಾದರೆ ಇಡೀ ಪಡಸಾಲೆ ಆಕಾಶ! ಹಳ್ಳಿಗಳಲ್ಲಿ ತಿಳಿನೀಲಿ ಗೋಡೆಗಳನ್ನು ನೋಡಿರುತ್ತೀರಿ. ಎಷ್ಟೋ ಮನೆಯಲ್ಲಿ ಅದು ಬೇಕೆಂದೇ ಮಾಡಿದ್ದು, ಕೆಲವು ಕಡೆ ಗಂಟು ಬಿಚ್ಚಿಹೋದದ್ದು ಇರಬೇಕು.

ಇವತ್ತಿನ ಬಿಳಿಗಳನ್ನೂ ಹೀಗೇ ನೋಡಿ. ನೀಲಿ ಬೆರೆತ ಬಿಳಿ ಚುರುಕು, ಆದರೆ ಬೆಳಕು ಕಮ್ಮಿ ಇರುವ ರೂಮಿನಲ್ಲಿ ಆಸ್ಪತ್ರೆಯ ಕಳೆ. ಹಳದಿ ಬೆರೆತದ್ದು ಕೆನೆ, ಬೆಣ್ಣೆ ಕಡೆಗೆ. ಬೂದು ಬೆರೆತದ್ದು ಬಿಸಿಲಿನಲ್ಲಿ ಸೊಗಸು, ಮೋಡದ ದಿನ ಕೊಳೆ. ತೇಗದ ಬಾಗಿಲು ಇರುವ ಮನೆಗೆ ಹಳದಿ ಬೆರೆತ ಬಿಳಿಯೇ ಚೆನ್ನ ಅನ್ನುವುದು ನನ್ನ ಅಭಿಪ್ರಾಯ. ನೀಲಿ ಬಿಳಿ ಪಕ್ಕದಲ್ಲಿ ಪಾಲಿಶ್ ಮಾಡಿದ ತೇಗ ಕಿತ್ತಳೆ ಹಣ್ಣಿನ ಹಾಗೆ ಕಾಣುತ್ತದೆ.

ಉತ್ತರ ದಿಕ್ಕಿಗೆ ಕಿಟಕಿ ಇದ್ದರೆ ಬೆಚ್ಚನೆಯ ಬಣ್ಣವೇ ಹೊಡೆಯಬೇಕು ಅಂತ ವಿಡಿಯೊಗಳಲ್ಲಿ ಹೇಳುತ್ತಾರೆ. ನಿಜವಾ?

ಅದು ಇಂಗ್ಲೆಂಡಿಗೆ ಹೇಳಿದ ಮಾತು. ಅಲ್ಲಿ ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳುವುದೇ ಅಪರೂಪ. ಬರೀ ಆಕಾಶದ ತಣ್ಣನೆಯ ನೀಲಿ ಬೆಳಕು. ನಮ್ಮ ಕಥೆ ಬೇರೆ.

ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸಿನಲ್ಲಿ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕಂಬಕ್ಕೆ ನೆರಳೇ ಬೀಳುವುದಿಲ್ಲ. ಅಲ್ಲಿಂದ ಆಗಸ್ಟ್ 18ರ ತನಕ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ! ಬೀದರ್, ಕಲಬುರಗಿ ಕಡೆ ಈ ಅವಧಿ ಕಮ್ಮಿ, ಮೇ ತಿಂಗಳಲ್ಲಿ ಶುರುವಾಗುತ್ತದೆ. ಹಾಗಾಗಿ ಮೇ-ಜೂನ್‌ನಲ್ಲಿ ಬೆಳಿಗ್ಗೆ, ಸಂಜೆ ಉತ್ತರದ ಕಿಟಕಿಗೂ ಓರೆ ಬಿಸಿಲು ಬರುತ್ತದೆ. ಡಿಸೆಂಬರ್‌ನಲ್ಲಿ ದಕ್ಷಿಣದ ಕಿಟಕಿಯ ಸರದಿ, ಸೂರ್ಯ ಆ ಕಡೆ ಕೆಳಗಿಳಿದಿರುತ್ತಾನೆ.

ವರ್ಷದ ಬಹುಪಾಲು ಉತ್ತರದ ಕೋಣೆ ತಂಪು ಬೆಳಕಿನದೇ, ಅದು ಸರಿ. ಆದರೆ ಚಳಿದೇಶದವರ ಹಾಗೆ ಹೆದರಿ ಗಾಢ ಹಳದಿಗೆ ಹಾರಬೇಕಿಲ್ಲ. ದಿಕ್ಕಿಗಿಂತ ಕಿಟಕಿಯ ಮುಂದೆ ಏನಿದೆ ಅನ್ನುವುದು ನಮ್ಮ ಊರುಗಳಲ್ಲಿ ದೊಡ್ಡ ವಿಷಯ. ನಾಲ್ಕಡಿ ದೂರದಲ್ಲಿ ಪಕ್ಕದ ಮನೆಯ ಕಿತ್ತಳೆ ಗೋಡೆ ಇದ್ದರೆ ನಿಮ್ಮ ಕೋಣೆಗೆ ಬರುವುದು ಕಿತ್ತಳೆ ಬೆಳಕು. ಮಾವಿನ ಮರ ಇದ್ದರೆ ಹಸಿರು. ಬಿಳಿ ಹೊಡೆದರೂ ಸರಿ, ಆ ಬಣ್ಣ ಒಳಗೆ ಬಂದೇ ಬರುತ್ತದೆ.

ಪಶ್ಚಿಮದ ಕೋಣೆಗೆ?

ಪೀಚ್, ಏಪ್ರಿಕಾಟ್, ತಿಳಿಗೆಂಪು ಜಾತಿಯವನ್ನು ಹುಷಾರಾಗಿ ನೋಡಿ. ಸಂಜೆ ನಾಲ್ಕರ ಮೇಲೆ ಕೆಂಬಿಸಿಲು ಬಿದ್ದಾಗ ಗೋಡೆ ಉರಿಯುತ್ತದೆ. ಇಲ್ಲಿ ತಿಳಿಹಸಿರು, ಬೂದುನೀಲಿ ಹಿತ. ಪೂರ್ವದ ಕೋಣೆಯಲ್ಲಿ ಇದೇ ಬೂದುನೀಲಿ ಮಧ್ಯಾಹ್ನದ ಮೇಲೆ ಸಪ್ಪೆಯಾಗುತ್ತದೆ.

ಬಲ್ಬ್ ಯಾವುದು ಅನ್ನುವುದರಿಂದ ಅಷ್ಟೊಂದು ವ್ಯತ್ಯಾಸ ಆಗುತ್ತದಾ?

ನಮ್ಮನೆ ಬದನೇಕಾಯಿಗೆ ಕಾರಣವೇ ಅದು. ಎಲ್‌ಇಡಿ ಬಲ್ಬಿನ ಪೊಟ್ಟಣದ ಮೇಲೆ 3000 ಕೆ, 4000 ಕೆ, 6500 ಕೆ ಅಂತ ಇರುತ್ತದೆ. ಕೆ ಅಂದರೆ ಕೆಲ್ವಿನ್, ಬೆಳಕಿನ ಬಣ್ಣದ ಅಳತೆ. 2700-3000 ಅಂದರೆ ಹಳೇ ಬಲ್ಬಿನ ಹಳದಿ ಬೆಳಕು. 4000 ನಡುವಿನದು. 6500 ನಮ್ಮ ಟ್ಯೂಬ್‌ಲೈಟಿನ ಬೆಳ್ಳನೆಯ, ನೀಲಿ ಕಡೆಗೆ ವಾಲಿದ ಬೆಳಕು. ನಮ್ಮ ಕಡೆ ಬಹಳ ಮನೆಗಳಲ್ಲಿ ಇರುವುದು ಈ ಮೂರನೆಯದೇ. ಹಳದಿ ಬಲ್ಬ್ ಕೆಂಪು, ಹಳದಿ, ಕಂದು ಬಣ್ಣಗಳನ್ನು ಮೆರೆಸುತ್ತದೆ, ನೀಲಿಯನ್ನು ಮಂಕು ಮಾಡುತ್ತದೆ. ಬಿಳಿ ಟ್ಯೂಬ್ ಇದಕ್ಕೆ ವಿರುದ್ಧ.

ಪೊಟ್ಟಣದಲ್ಲಿ ಸಿಆರ್‌ಐ ಅನ್ನುವ ಸಂಖ್ಯೆಯೂ ಇದ್ದರೆ ನೋಡಿ. 100 ಇದ್ದರೆ ಬಣ್ಣಗಳು ಸಹಜವಾಗಿ ಕಾಣುತ್ತವೆ, ಇಳಿದಷ್ಟೂ ಸಪ್ಪೆ. 80 ಸಾಮಾನ್ಯ, 90ರ ಮೇಲೆ ಒಳ್ಳೆಯದು. ಕಮ್ಮಿ ಸಿಆರ್‌ಐ ಬಲ್ಬಿನಲ್ಲಿ ಕೆಂಪು ಮೊದಲು ಸಾಯುತ್ತದೆ. ತಟ್ಟೆಯಲ್ಲಿರುವ ಟೊಮೆಟೊ ಕೂಡ ಬಾಡಿದಂತೆ ಕಾಣುತ್ತದೆ.

ಹೊಸದಾಗಿ ಕಟ್ಟುವವರು ಬಲ್ಬ್ ಯಾವುದು ಅಂತ ಮೊದಲು ತೀರ್ಮಾನಿಸಿ, ಅದರ ಕೆಳಗೆ ಬಣ್ಣ ನೋಡಿ. ಬಹಳ ಜನ ಉಲ್ಟಾ ಮಾಡುತ್ತಾರೆ.

ನಮ್ಮದು ರೆಡ್ ಆಕ್ಸೈಡ್ ನೆಲ. ಗೋಡೆಗೆ ಯಾವ ಬಣ್ಣ ಹೊಂದುತ್ತದೆ?

ಅದೃಷ್ಟವಂತರು ನೀವು. ಉಜ್ಜಿ ಉಜ್ಜಿ ಕನ್ನಡಿಯಾದ ಕೆಂಪು ನೆಲಕ್ಕೆ ಬಿಸಿಲು ಬಿದ್ದರೆ ಆ ಕೆಂಪು ಗೋಡೆಯ ಕೆಳಗಿನ ಎರಡು-ಮೂರು ಅಡಿಗೆ ಹತ್ತುತ್ತದೆ. ಬಿಳಿ ಗೋಡೆಯ ಬುಡ ಗುಲಾಬಿ ಕಾಣುವುದು ಇದಕ್ಕೇ. ಕೆನೆ ಬಣ್ಣಕ್ಕೆ ಇದು ಒಗ್ಗುತ್ತದೆ. ತಿಳಿಹಸಿರಿಗೂ ಒಗ್ಗುತ್ತದೆ, ಕೆಂಪಿಗೆ ಹಸಿರು ಎದುರು ಬಣ್ಣ, ಎರಡೂ ಒಂದನ್ನೊಂದು ಎತ್ತಿ ತೋರಿಸುತ್ತವೆ. ನೀಲಿ ಛಾಯೆಯ ಬೂದು ಮಾತ್ರ ಬೇಡ ಅನ್ನುತ್ತೇನೆ. ಕೆಳಗೆ ನೇರಳೆ, ಮೇಲೆ ಬೂದು, ಗೋಡೆಗೆ ತೇವ ಹಿಡಿದಿದೆಯೇನೋ ಅನಿಸುತ್ತದೆ.

ರಟ್ಟನ್ನು ಮಂಚದ ಮೇಲಿಟ್ಟು ನೋಡಬೇಡಿ. ನೆಲಕ್ಕೆ ತಾಗಿಸಿ ನಿಲ್ಲಿಸಿ ನೋಡಿ. ಬಿಳಿ ವಿಟ್ರಿಫೈಡ್ ಟೈಲ್ಸ್ ಇದ್ದವರಿಗೆ ಈ ತಲೆನೋವಿಲ್ಲ, ಆದರೆ ಆ ಸೊಬಗೂ ಇಲ್ಲ.

ಎಲ್‌ಆರ್‌ವಿ ಅಂದರೇನು? ಅದನ್ನು ನೋಡಲೇಬೇಕಾ?

ಬಣ್ಣ ಎಷ್ಟು ಬೆಳಕನ್ನು ವಾಪಸ್ ಕೊಡುತ್ತದೆ ಅನ್ನುವ ಲೆಕ್ಕ. ಕಪ್ಪಿಗೆ 0, ಪೂರ್ಣ ಬಿಳಿಗೆ 100. ಗೋಡೆಗೆ ಹೊಡೆಯುವ ಒಳ್ಳೆ ಬಿಳಿ 80ರಿಂದ 90ರ ನಡುವೆ ಇರುತ್ತದೆ. ಎರಡು ಶೇಡ್ ಹೋಲಿಸುವಾಗ ಕಣ್ಣಿಗೆ ತಿಳಿಯದ್ದನ್ನು ಈ ಸಂಖ್ಯೆ ಹೇಳುತ್ತದೆ, ಅಷ್ಟರ ಮಟ್ಟಿಗೆ ಉಪಯೋಗ.

80ರ ಗೋಡೆಗೂ 50ರ ಗೋಡೆಗೂ ವ್ಯತ್ಯಾಸ ಬರೀ 30 ಅಂತ ಅಂದುಕೊಳ್ಳಬೇಡಿ. ಬೆಳಕು ಒಂದು ಗೋಡೆಗೆ ಬಡಿದು ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗುತ್ತದೆ. ಪ್ರತಿ ಸಲ ಅರ್ಧ ಕಳೆದುಕೊಂಡರೆ ಮೂರನೇ ಬಡಿತಕ್ಕೆ ಉಳಿಯುವುದು ನೂರಕ್ಕೆ ಹನ್ನೆರಡೂವರೆ. 80 ಆದರೆ ಐವತ್ತೊಂದು. ಒಂದೇ ಕಿಟಕಿಯ ರೂಮಿನವರಿಗೆ, ಎರಡು ಕಟ್ಟಡಗಳ ಸಂದಿಯಲ್ಲಿರುವ ಅಪಾರ್ಟ್‌ಮೆಂಟ್‌ನವರಿಗೆ ಇದು ಕರೆಂಟ್ ಬಿಲ್ಲಿನ ಪ್ರಶ್ನೆ.

ಚಿಕ್ಕ ಕೋಣೆಗೆ ಗಾಢ ಬಣ್ಣ ಹೊಡೆದರೆ ಇನ್ನೂ ಚಿಕ್ಕದಾಗಿ ಕಾಣುತ್ತದಂತೆ?

ನಾಲ್ಕೂ ಗೋಡೆಗೆ ಹೊಡೆದರೆ ಬಹುಮಟ್ಟಿಗೆ ಹೌದು. ಹತ್ತಡಿ-ಹತ್ತಡಿ ರೂಮಿನಲ್ಲಿ ಬೀರು, ಮಂಚ, ಮಡಿಸಿಟ್ಟ ಹಾಸಿಗೆ ಎಲ್ಲ ತುಂಬಿದ ಮೇಲೆ ಗಾಢ ಗೋಡೆ ಉಸಿರು ಕಟ್ಟಿಸುತ್ತದೆ. ಒಂದು ಗೋಡೆಗೆ ಮಾತ್ರ ಬೇಕಿದ್ದರೆ ಬಾಗಿಲು ತೆಗೆದ ಕೂಡಲೇ ಎದುರಾಗುವುದನ್ನು ಬಿಟ್ಟು ಮಂಚದ ತಲೆಯ ಕಡೆಯದನ್ನು ಆರಿಸಿ. ಮಲಗಿದಾಗ ಅದು ಕಣ್ಣಿಗೆ ಬೀಳುವುದಿಲ್ಲ, ಬೇಗ ಬೇಜಾರಾಗುವುದೂ ಇಲ್ಲ. ಸೀಲಿಂಗ್ ಬಿಳಿಯೇ ಇರಲಿ, ಸುಮ್ನೆ ಪ್ರಯೋಗ ಬೇಡ.

ರಾಯಚೂರು, ಕಲಬುರಗಿ ಕಡೆಯವರು ಕೇಳುತ್ತಾರೆ: ತಿಳಿ ಬಣ್ಣ ಹೊಡೆದರೆ ರೂಮು ತಂಪಾಗುತ್ತದಾ?

ಒಳಗಿನ ಬಣ್ಣದಿಂದ ಸೆಕೆ ಕಮ್ಮಿಯಾಗುವುದಿಲ್ಲ. ಕಣ್ಣಿಗೆ ತಂಪು ಅನಿಸಬಹುದು, ಅಷ್ಟೆ. ಬಿಸಿಲು ಬಡಿಯುವುದು ಮಾಳಿಗೆಗೆ ಮತ್ತು ಹೊರಗೋಡೆಗೆ. ಮಾಳಿಗೆಗೆ ಸುಣ್ಣವನ್ನೋ ಬಿಸಿಲು ತಡೆಯುವ ಬಿಳಿ ಪೇಂಟನ್ನೋ ಹೊಡೆಸಿ, ಅದು ನಿಜವಾಗಿ ಕೆಲಸ ಮಾಡುತ್ತದೆ. ದುಡ್ಡು ಅಲ್ಲಿ ಹಾಕಿ.

ಮ್ಯಾಟ್, ಸ್ಯಾಟಿನ್, ಶೀನ್: ಒಂದೇ ಕೋಡ್ ಇದ್ದರೂ ಬಣ್ಣ ಬೇರೆ ಕಾಣುತ್ತದಾ?

ಕಾಣುತ್ತದೆ. ಹೊಳಪಿಲ್ಲದ ಮ್ಯಾಟ್ ಬೆಳಕನ್ನು ಎಲ್ಲ ಕಡೆ ಚದುರಿಸುತ್ತದೆ, ಬಣ್ಣ ಮೆತ್ತಗೆ ಕಾಣುತ್ತದೆ. ಸ್ಯಾಟಿನ್, ಶೀನ್‌ನಂಥ ಹೊಳಪಿನದರಲ್ಲಿ ಅದೇ ಬಣ್ಣ ಗಾಢ, ಜೊತೆಗೆ ಬಲ್ಬಿನ ಬಿಂಬ ಬೇರೆ. ಆದ್ದರಿಂದ ಮ್ಯಾಟ್ ರಟ್ಟು ನೋಡಿ ಶೀನ್ ಆರ್ಡರ್ ಮಾಡಬೇಡಿ. ಹೊಳಪು ಇನ್ನೊಂದು ಚಾಡಿಯನ್ನೂ ಹೇಳುತ್ತದೆ. ಗೋಡೆ ನುಣುಪಾಗಲು ಮೆತ್ತುವ ಪುಟ್ಟಿ ಎಲ್ಲೆಲ್ಲಿ ಏರುಪೇರಾಗಿದೆ, ಎಲ್ಲಿ ಕರಣೆಯ ಗೀರು ಉಳಿದಿದೆ, ಎಲ್ಲ ಬಯಲು. ರಾತ್ರಿ ಮೊಬೈಲ್ ಟಾರ್ಚನ್ನು ಗೋಡೆಗೆ ತಾಗಿದ ಹಾಗೆ ಅಡ್ಡಕ್ಕೆ ಹಿಡಿದು ನೋಡಿ, ಪ್ರೈಮರ್ ಹಂತದಲ್ಲೇ ಗೊತ್ತಾಗುತ್ತದೆ. ನಮ್ಮ ಪೇಂಟರ್‌ಗೆ ನಾನು ಹೀಗೆ ಟಾರ್ಚ್ ಹಿಡಿದು ನಿಂತದ್ದು ಇಷ್ಟವಾಗಲಿಲ್ಲ, ಆದರೆ ಮತ್ತೆ ಉಜ್ಜಿಕೊಟ್ಟರು.

ಅಡುಗೆಮನೆಗೆ ಒರೆಸಲು ಬರುವ ಹೊಳಪಿನದೇ ಬೇಕು. ದಿನಾ ಒಗ್ಗರಣೆ ಸಿಡಿಯುವ ಜಾಗ. ದೇವರ ಮನೆಯ ದೀಪದ ಮೇಲಿನ ಗೋಡೆಗೂ ಇದೇ ಮಾತು, ಮಸಿ ಹಿಡಿಯುತ್ತದೆ.

ಹಳದಿ, ಕೆಂಪಿಗೆ ಮೂರು ಕೋಟ್ ಬೇಕು ಅಂತ ಪೇಂಟರ್ ಹೇಳುತ್ತಿದ್ದಾರೆ. ಸುಳ್ಳಾ?

ಪಾಪ, ಸುಳ್ಳಲ್ಲ. ಕಡು ಹಳದಿ, ಕೆಂಪು, ಕಿತ್ತಳೆ ಬಣ್ಣಗಳಿಗೆ ಮುಚ್ಚುವ ಶಕ್ತಿ ಕಮ್ಮಿ. ತಿಳಿ ಬಣ್ಣಕ್ಕೆ ಬಳಸುವ ಬೇಸ್‌ನಲ್ಲಿ ಬಿಳಿ ಪುಡಿ ಜಾಸ್ತಿ ಇರುತ್ತದೆ, ಅದೇ ಹಳೇ ಗೋಡೆಯನ್ನು ಮರೆಮಾಡುವುದು. ಕಡು ಬಣ್ಣದ ಬೇಸ್‌ನಲ್ಲಿ ಅದು ಹೆಚ್ಚುಕಡಿಮೆ ಇರುವುದಿಲ್ಲ. ಖರ್ಚು ಹೋಲಿಸುವಾಗ ಈ ಮೂರನೇ ಕೋಟನ್ನೂ ಸೇರಿಸಿ.

ಆ್ಯಪ್‌ನಲ್ಲಿ ನಮ್ಮ ರೂಮಿನ ಫೋಟೊಗೇ ಬಣ್ಣ ಹಾಕಿ ತೋರಿಸುತ್ತಾರೆ. ಅದನ್ನು ನಂಬಬಹುದಾ?

ನೀಲಿಯೋ ಹಸಿರೋ ಅಂತ ತೀರ್ಮಾನಿಸಲು ಸಾಕು. ಈ ಹಸಿರೋ ಆ ಹಸಿರೋ ಅನ್ನಲು ಸಾಲದು. ಫೋನಿನ ಕ್ಯಾಮೆರಾ ಬೆಳಕಿಗೆ ತಕ್ಕಂತೆ ತಾನೇ ಬಣ್ಣ ತಿದ್ದುತ್ತದೆ. ಸ್ಕ್ರೀನಿನಲ್ಲಿ ರಾತ್ರಿಯ ಮೋಡ್ ಇದ್ದರೆ ಎಲ್ಲವೂ ಹಳದಿ. ನಮ್ಮ ಅಕ್ಕ ಇರುವುದು ಅಮೆರಿಕದಲ್ಲಿ. ಶೇಡ್ ಫೋಟೊ ಕಳಿಸಿದರೆ ಅವಳು "ಹಸಿರು ಚೆನ್ನಾಗಿದೆ" ಅಂದಳು. ನಾವು ಕಳಿಸಿದ್ದು ನೀಲಿ. ಅರ್ಧ ಗಂಟೆ ವಾದ ಮಾಡಿದ ಮೇಲೆ ಇಬ್ಬರೂ ಬೇರೆ ಬೇರೆ ಬಣ್ಣ ನೋಡುತ್ತಿದ್ದೇವೆ ಅಂತ ಹೊಳೆಯಿತು.

ಒಂದು ಕಂಪನಿಯ ಶೇಡ್ ಇಷ್ಟ, ಇನ್ನೊಂದರ ಪೇಂಟ್ ಅಗ್ಗ. ಅದೇ ಬಣ್ಣ ಇಲ್ಲಿ ಮಾಡಿಸಬಹುದಾ?

ಮಾಡಿಕೊಡುತ್ತಾರೆ, ಆದರೆ ತದ್ರೂಪ ಬರುತ್ತದೆ ಅಂತ ನಂಬಬೇಡಿ. ಏಷ್ಯನ್ ಪೇಂಟ್ಸ್, ಬರ್ಜರ್, ನೆರೋಲ್ಯಾಕ್, ಡ್ಯುಲಕ್ಸ್, ಪ್ರತಿಯೊಬ್ಬರ ಬೇಸ್ ಬೇರೆ, ಬಣ್ಣದ ರಸ ಬೇರೆ. ಹಗಲಲ್ಲಿ ಹೊಂದಿದ್ದು ಟ್ಯೂಬ್‌ಲೈಟಿನಲ್ಲಿ ಹೊಂದದೇ ಇರಬಹುದು. ಮಾಡಿಸುವುದಾದರೆ ಅದರದ್ದೇ ಹೊಸ ರಟ್ಟು ಬಳಿದು ನೋಡಿ. ಅಂದಹಾಗೆ, ಏಷ್ಯನ್ ಪೇಂಟ್ಸ್ ಡಬ್ಬದ ಮೇಲೆ ಬಹಳ ಕಾಲ ಬ್ರಷ್ ಹಿಡಿದು ನಿಂತಿದ್ದ ತುಂಟ ಹುಡುಗ ಗಟ್ಟುವನ್ನು 1954ರಲ್ಲಿ ಬರೆದವರು ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್. ಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ, ಹೇಳದೆ ಇರಲಾಗಲಿಲ್ಲ.

ಇನ್ನೊಂದು ಮಾತು. ಒಂದೇ ಕೋಡ್ ಆದರೂ ಬೇರೆ ದಿನ ಕಲಸಿದ ಡಬ್ಬಗಳಲ್ಲಿ ಕೂದಲೆಳೆಯ ವ್ಯತ್ಯಾಸ ಇರುತ್ತದೆ. ಒಂದು ಕೋಣೆಗೆ ಬೇಕಾದಷ್ಟನ್ನೂ ಒಟ್ಟಿಗೇ ತನ್ನಿ, ದೊಡ್ಡ ಬಕೆಟ್‌ನಲ್ಲಿ ಎಲ್ಲ ಸುರಿದು ಕಲಸಿಬಿಡಿ. ಇಲ್ಲವಾದರೆ ಗೋಡೆಯ ನಡುವೆ ಗೆರೆ ಬರುತ್ತದೆ.

ವಾಸ್ತು ಪ್ರಕಾರ ಈ ದಿಕ್ಕಿಗೆ ಈ ಬಣ್ಣ ಅಂತ ಮನೆಯಲ್ಲಿ ಹಟ. ಏನು ಮಾಡೋಣ?

ನನಗೆ ಅದರಲ್ಲಿ ನಂಬಿಕೆ ಇಲ್ಲ, ಆದರೆ ಜಗಳಕ್ಕೆ ಹೋಗುವುದಿಲ್ಲ. ವಾಸ್ತುವಿನವರು ಹೇಳುವುದು ಹಸಿರು ಅಂತ. ಯಾವ ಹಸಿರು ಅಂತ ಅಲ್ಲ. ಗಿಳಿಹಸಿರಿನಿಂದ ಮೆಂತ್ಯ ಹಸಿರಿನವರೆಗೆ ನೂರು ಇವೆ. ಅವರ ದಿಕ್ಕು, ನಿಮ್ಮ ಶೇಡ್.

ಮಕ್ಕಳ ರೂಮಿಗೆ ಏನು ಗಮನಿಸಬೇಕು?

ಕೈಗೆಟಕುವ ಎತ್ತರದವರೆಗೆ ಗೋಡೆ ಅವರದೇ ಸ್ಲೇಟು. ಹಳೇ ಸ್ಕೂಲುಗಳಲ್ಲಿ ಕೆಳಗಿನ ಮೂರ್ನಾಲ್ಕು ಅಡಿಗೆ ಗಾಢ ಆಯಿಲ್ ಪೇಂಟ್ ಇರುತ್ತಿತ್ತಲ್ಲ, ಆ ಉಪಾಯ ಇವತ್ತಿಗೂ ಒಳ್ಳೆಯದೇ. ಕೆಳಗೆ ತೊಳೆಯಬಹುದಾದ ಗಾಢ ಶೇಡ್, ಮೇಲೆ ಅದರದ್ದೇ ತಿಳಿ ಶೇಡ್. ಎರಡನ್ನೂ ಒಂದೇ ರಟ್ಟಿನ ಮೇಲೆ ಮೇಲೆ-ಕೆಳಗೆ ಬಳಿದು ನೋಡಿ.

ಬಣ್ಣಕ್ಕಿಂತ ಮುಖ್ಯವಾದದ್ದು ಒಂದಿದೆ. ಮನೆಗೆ ಬಳಸುವ ಪೇಂಟ್‌ನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಅದಕ್ಕೆ ಮುಂಚಿನ ಹಳೇ ಎನಾಮಲ್ (ಆಯಿಲ್ ಪೇಂಟ್) ಬಣ್ಣವನ್ನು ಕಿಟಕಿ, ಬಾಗಿಲಿನಿಂದ ಒಣಗಿದ್ದಾಗಲೇ ಉಜ್ಜಿದರೆ ಎದ್ದ ಧೂಳಿನಲ್ಲಿ ಸೀಸ ಇರಬಹುದು. ಒದ್ದೆ ಮಾಡಿ ಉಜ್ಜಿಸಿ. ಮಕ್ಕಳನ್ನೂ ಬಸುರಿಯರನ್ನೂ ಆ ದಿನಗಳಲ್ಲಿ ಬೇರೆ ಮನೆಯಲ್ಲಿ ಇರಿಸಿ.

ಮಂಗಳೂರು, ಮಲೆನಾಡಿನವರಿಗೆ ಬೇರೆ ಲೆಕ್ಕವಾ?

ಲೆಕ್ಕ ಅದೇ, ಕಾಲ ಬೇರೆ. ಆಷಾಢದಲ್ಲಿ ಬ್ರಷ್ ಮುಟ್ಟಬೇಡಿ. ಗೋಡೆಯೊಳಗೆ ತೇವ ಇದ್ದರೆ ಬಣ್ಣ ಹಪ್ಪಳದ ಹಾಗೆ ಏಳುತ್ತದೆ, ಉಪ್ಪು ಹೊರಗೆ ಬರುತ್ತದೆ. ದೀಪಾವಳಿ ಕಳೆದ ಮೇಲೆ, ಒಣಹವೆಯಲ್ಲಿ ಮಾಡಿಸಿ. ಬೂಷ್ಟು ಹಿಡಿಯುವ ಗೋಡೆಗೆ ಬೂಷ್ಟು ತಡೆಯುವ ಪೇಂಟ್ ಸಿಗುತ್ತದೆ, ಆದರೆ ಸೋರುವ ಪೈಪನ್ನು ಅದು ರಿಪೇರಿ ಮಾಡುವುದಿಲ್ಲ. ಹೊಸ ಗಾರೆಯಾದರೆ ಕನಿಷ್ಠ 28 ದಿನ ಬಿಡಿ. ಹಸಿ ಸಿಮೆಂಟಿನ ಕ್ಷಾರ ಬಣ್ಣವನ್ನು ತಿನ್ನುತ್ತದೆ, ಗಾಢ ಬಣ್ಣದಲ್ಲಿ ಬಿಳಿ ಬಿಳಿ ಮಚ್ಚೆ ಏಳುತ್ತದೆ.

ಇನ್ನೊಂದು, ಮಳೆಗಾಲದಲ್ಲಿ ಆರಿಸಿದ ಬಣ್ಣ ಮಾರ್ಚ್ ಬಿಸಿಲಿನಲ್ಲಿ ಬೇರೆಯೇ. ಮೋಡದ ದಿನ ಒಂದು, ಬಿಸಿಲ ದಿನ ಒಂದು, ಎರಡರಲ್ಲೂ ನೋಡಿ.

ಎಷ್ಟು ಲೀಟರ್ ಬೇಕು?

10 ಅಡಿ, 12 ಅಡಿ ಕೋಣೆ, ಎತ್ತರ 10 ಅಡಿ ಅಂದುಕೊಳ್ಳಿ. ಸುತ್ತಳತೆ 44 ಅಡಿ, ಗೋಡೆ 440 ಚದರ ಅಡಿ. ಒಂದು ಬಾಗಿಲು, ಒಂದು ಕಿಟಕಿಗೆ ಸುಮಾರು 40 ಕಳೆದರೆ 400. ಡಬ್ಬದ ಮೇಲೆ ಲೀಟರಿಗೆ ಎಷ್ಟು ಚದರ ಅಡಿ ಅಂತ ಇರುತ್ತದೆ. ಅದು ಒಂದು ಕೋಟ್‌ಗೋ ಎರಡು ಕೋಟ್‌ಗೋ ಅಂತ ಓದಿ, ಇಲ್ಲೇ ಎಲ್ಲರೂ ಎಡವುವುದು. ಎರಡು ಕೋಟ್‌ಗೆ 100 ಅಂತಿದ್ದರೆ ನಾಲ್ಕು ಲೀಟರ್. ಯಂತ್ರದಲ್ಲಿ ಕಲಸಿದ ಬಣ್ಣವನ್ನು ಅಂಗಡಿಯವರು ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದಿಲ್ಲ.

ಬಳಿದಾಯಿತು, ಈಗ ಇಷ್ಟವಾಗುತ್ತಿಲ್ಲ. ಏನು ಮಾಡಲಿ?

ಒಂದು ವಾರ ಸುಮ್ಮನಿರಿ. ಖಾಲಿ ಕೋಣೆಯಲ್ಲಿ ಯಾವ ಬಣ್ಣವೂ ಕಣ್ಣಿಗೆ ಹೊಡೆಯುತ್ತದೆ. ಬೀರು, ಪರದೆ, ಹಾಸಿಗೆ ಎಲ್ಲ ವಾಪಸ್ ಬಂದ ಮೇಲೆ ನೋಡಿ. ಆಮೇಲೂ ಸರಿ ಅನಿಸದಿದ್ದರೆ ಪೇಂಟರ್‌ಗೆ ಫೋನ್ ಮಾಡುವ ಮುಂಚೆ ಬಲ್ಬ್ ಬದಲಿಸಿ ನೋಡಿ.

ನಾವು ಮಾಡಿದ್ದು ಅದನ್ನೇ. ಹಿಂದಿನ ರೂಮಿನ 6500ರ ಟ್ಯೂಬ್ ತೆಗೆದು 3000ದ ಎರಡು ಬಲ್ಬ್ ಹಾಕಿದೆವು. ಆ ಹಳದಿ ಬೆಳಕಿಗೆ ನೇರಳೆ ಅಡಗಿ, ಗೋಡೆ ಕೊನೆಗೂ ಬೂದಾಯಿತು. ಬರೀ ಬಲ್ಬಿನ ಖರ್ಚು. ಅಮ್ಮ ಮಾತ್ರ ಇವತ್ತಿಗೂ ಒಗೆದ ಬಟ್ಟೆ ಕೊಟ್ಟು, "ಇದನ್ನ ಬದನೇಕಾಯಿ ರೂಮಿನಲ್ಲಿ ಇಟ್ಟು ಬಾ" ಅನ್ನುತ್ತಾರೆ.